ಹುಕ್ಕೇರಿಯಿಂದ ಬಂದ ಅಳತೆ

ಮೂಡಲಗಿ
9 ಜೂನ್ 2024

ಆಪಾ,

ಸಲಾಂ. ಆರು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡ ಒಂದು ಮಾತಿದೆ. ನಾನು ಒಂಬತ್ತನೇ ಇಯತ್ತೆಯಲ್ಲಿ ಶಾಲೆ ಬಿಟ್ಟದ್ದು ಗಣಿತ ಬರಲಿಲ್ಲ ಅಂತಲ್ಲ. ನನ್ನ ಕಾಲಿನ ಸಲುವಾಗಿ. ಅಕ್ಕತಂಗಿಯರಲ್ಲವೇ, ನಿನ್ನ ಕಾಲು ಹೇಗಿವೆಯೋ ನನ್ನವೂ ಹಾಗೇ ಇವೆ.

ಆ ವರ್ಷದ ಸಮವಸ್ತ್ರದ ಪ್ಯಾಂಟು ನನ್ನ ಮೀನಖಂಡದವರೆಗೆ ಏರಿ ಅಲ್ಲೇ ಸಿಕ್ಕಿಕೊಂಡಿತು. ಸೊಂಟಕ್ಕೆ ನೋಡಿದರೆ ಅದೇ ಪ್ಯಾಂಟು ಸಡಿಲ. ಬಾಜೂ ಕೂರುತ್ತಿದ್ದ ಹುಡುಗಿ, "ಗುಲ್ನಾಜ ಮ್ಯಾಲ ಆಡು, ಕೆಳಗ ಎಮ್ಮಿ" ಅಂದಳು. ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ. ಮರುದಿನದಿಂದ ಹೋಗಲಿಲ್ಲ. ಅಬ್ಬಾ ಹೊಡೆದರು, ನೀನು ಅಳುತ್ತ ಕೂತೆ, ನಾನು ಗಣಿತ ಬರುವುದಿಲ್ಲ ಅಂತ ಹಟ ಹಿಡಿದೆ. ಗಣಿತದಲ್ಲಿ ನನಗೆ ಎಂಬತ್ತರ ಮೇಲೆ ಬೀಳುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಅಂತ ಜಂಬ ಮಾಡುವ ನಾನು ಹೇಳಿದ ದೊಡ್ಡ ಸುಳ್ಳು ಅದು.

ಬುರ್ಖಾದೊಳಗೆ ಕಾಲು ಯಾರಿಗೂ ಕಾಣುವುದಿಲ್ಲ. ನಿನಗೂ ಕಾಣಲಿಲ್ಲ. ಒಂದು ಕೆಲಸದಲ್ಲಿ ನಿಲ್ಲುವುದಿಲ್ಲ ಅಂತ ನೀವೆಲ್ಲ ಬೈಯುತ್ತೀರಿ. ಗೋಕಾಕದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲಬೇಕಿತ್ತು, ಬಿಟ್ಟೆ. ಕರದಂಟು ಕಟ್ಟುವಲ್ಲಿ ದಿನವಿಡೀ ನೆಲಕ್ಕೆ ಕೂರಬೇಕಿತ್ತು, ಅದನ್ನೂ ಬಿಟ್ಟೆ. ಉಸ್ಮಾನಚಾಚಾನ ಹೊಲಿಗೆ ಅಂಗಡಿಯಲ್ಲಿ ಕೂರಬಹುದು, ಏಳಬಹುದು, ಮಶೀನು ತುಳಿಯುತ್ತ ಕಾಲು ಆಡಿಸಬಹುದು. ಅದಕ್ಕೇ ಇಲ್ಲಿ ಎರಡು ವರ್ಷ ಬಾಳಿದ್ದೇನೆ.

ಹೋದ ವಾರ ಗುಂಡಿ, ಲೇಸು ತರಲು ಗೋಕಾಕಕ್ಕೆ ಹೋಗಿದ್ದೆ. ಬಸ್ಸಿನ ಮೆಟ್ಟಿಲು ಸ್ವಲ್ಪ ತಾಗಿದ್ದಕ್ಕೆ ಕಾಲು ನೀಲಿಗಟ್ಟಿತು. ನೋವು ತಡೆಯದೆ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ನೀಲಿಯನ್ನು ಬಿಟ್ಟು ಕಾಲನ್ನೇ ನೋಡುತ್ತ ಕೂತರು.

"ಮನ್ಯಾಗ ಮತ್ತ ಯಾರಿಗೆರ ಹಿಂಗ ಅದಾವೇನವಾ?"

"ನಮ್ಮ ಅಮ್ಮಿಗೆ ಇದ್ದೂ ರೀ. ಆಪಾಗ ಅದಾವ. ಊರಾಗ ಆನೆಕಾಲು ಅಂತಾರ್ರಿ."

"ಆನೆಕಾಲಾಗಿದ್ರ ಪಾದಾನೂ ಬಾತಿರತಿದ್ದೂ. ನೋಡು, ನಿನ್ನ ಪಾದ ಎಷ್ಟು ಸಣ್ಣ ಅದಾವ. ಹಿಮ್ಮಡದ ಮ್ಯಾಲ ಬಳಿ ಹಾಕಿದಂಗ ಬಂದು ನಿಂತೈತಿ."

ಅದಕ್ಕೆ ಲಿಪೆಡೀಮಾ ಅಂತ ಹೆಸರಿದೆ, ಆಪಾ. ಹೆಂಗಸರಿಗೇ ಬರುವುದು ಹೆಚ್ಚು. ಮೈನೆರೆಯುವಾಗ ಶುರುವಾಗುತ್ತದೆ, ಬಸುರಿಯಾದಾಗ ಹೆಚ್ಚಾಗುತ್ತದೆ, ತಾಯಿಯಿಂದ ಮಗಳಿಗೆ ಇಳಿಯುತ್ತದೆ. "ನೀ ತಿಂದದ್ದಕ್ಕ ಬಂದದ್ದಲ್ಲ ಇದು" ಅಂದರು. ಮೂಡಲಗಿ ಬರುವ ತನಕ ಬಸ್ಸಿನಲ್ಲಿ ಅತ್ತೆ.

ಫೋನಿನಲ್ಲಿ ಹೇಳುವ ಮಾತಲ್ಲ. ನಿಮ್ಮ ಮನೆಗಿರುವ ಒಂದೇ ಫೋನು ಪಡಸಾಲೆಯಲ್ಲಿರುತ್ತದೆ, ನಿಮ್ಮ ಅತ್ತೆ ರಹಿಮಾಬಿ ಖಾಲಾ ಮೊದಲು ಕೇಳುತ್ತಾರೆ. ಹುಕ್ಕೇರಿಯ ಸೀರೆ ಅಂಗಡಿಗೆ ನಮ್ಮ ಬ್ಲೌಸಿನ ಗಂಟು ಒಯ್ಯುವ ಸಿದ್ರಾಯ ಕಾಕಾ ಈ ಪತ್ರವನ್ನು ಬಟ್ಟೆಯಲ್ಲಿ ಸುತ್ತಿ ನಿನ್ನ ಕೈಗೇ ಕೊಡುತ್ತಾರೆ. ಉತ್ತರವನ್ನೂ ಅವರ ಟೆಂಪೋದಲ್ಲೇ ಕಳಿಸು.

ನಿನ್ನ ಗುಲ್ನಾಜ


ಹುಕ್ಕೇರಿ
23 ಜೂನ್ 2024

ಗುಲ್ಲು,

ಸಾಲಿ ಬಿಟ್ಟಾಕಿ ಮಾಸ್ತರ ಹಂಗ ಪುಸ್ತಕದ ಭಾಷಾದಾಗ ಬರದೀಯಲ್ಲ, ಓದಿ ನಗು ಬಂತು. ಆಮ್ಯಾಲ ನಿಂತಿತು. ಎಂಬತ್ತರ ಮ್ಯಾಲ ಬೀಳತಿತ್ತಾ? ಹುಚ್ಚಿ. ನಿನ್ನ ಟ್ಯೂಷನ್ನಿಗೆ ಹಾಕ್ರಿ ಅಂತ ನಾ ಅಬ್ಬಾನ ಕಾಲು ಹಿಡಿದಿದ್ದೆ.

ಆದ್ರ ನಿನ್ನ ಡಾಕ್ಟರ ಮಾತು ನನಗ ಹಚ್ಚಬ್ಯಾಡ. ನನ್ನ ಕಾಲು ಬ್ಯಾರೆ. ನಂದು ಬಾಣಂತಿ ಮೈ, ಇಳದಿಲ್ಲ ಅಷ್ಟ. ಅತ್ತಿ ಮುಂಜಾನೆದ್ದು ಜೀರಿಗಿ ನೀರು ಕೊಡತಾರ, ಸಂಜಿಮುಂದ "ನಡಿ, ಬಜಾರಕ್ಕ ನಡಕೋತ ಹೋಗಿ ಬಾ" ಅಂತಾರ. ಒಳ್ಳೇದಕ್ಕ ಹೇಳತಾರ. ರೊಟ್ಟಿ ಒಂದಕ್ಕ ಇಳಿಸೇನಿ. ಬಕ್ರೀದಿಗೆ ಬಂದ ಮಂದಿ ಎಲ್ಲಾ "ಮಹೆಕ, ಮುಖ ಎಷ್ಟು ಸಣ್ಣ ಆಗೈತಿ" ಅಂದ್ರು. ಕಾಲು ಯಾರೂ ನೋಡಲಿಲ್ಲ. ನೋಡಾಕ ಬಿಟ್ರ ನೋಡತಾರ.

ನಿಮ್ಮ ದುಲ್ಹಾಭಾಯಿಗೂ ಏನೂ ಗೊತ್ತಿಲ್ಲ. ದೀಪ ಆರಿಸಿದ ಮ್ಯಾಲ ನಾ ಹಾಸಿಗಿಗೆ ಹೋಗತೇನಿ. ಬ್ಯಾಸಗ್ಯಾಗೂ ರಜಾಯಿ ಹೊದ್ದ ಮಲಗೂದು. ಗಾದಿ ಅಂಗಡಿಯವನ ಹೆಂಡತಿಗೆ ರಜಾಯಿಗೇನು ಕಮ್ಮಿ? ನಾಕು ವರ್ಷ ಹಂಗ ಕಳದೇನಿ. ಇನ್ನ ಮುಂದೂ ಕಳೀತೇನಿ.

ಮುನ್ನಿ ನಿನ್ನ ಕೇಳತಾಳ. ಗುಲ್ಲುಖಾಲಾ ಯಾವಾಗ ಬರತಾಳ, ನನಗ ಫ್ರಾಕ್ ಯಾವಾಗ ತರತಾಳ ಅಂತ ದಿನಾ ಒಂದ ರಾಗ.

ಒಂದು ಕೇಳತೇನಿ. ನಿನಗೂ ಮಲಗಿದಾಗ ಹಾಸಿಗಿ ತಾಗಿದ್ರ ನೋಯ್ತಾವೇನು? ಸುಮ್ನ ಕೇಳಿದೆ.

ಮಹೆಕ


ಮೂಡಲಗಿ
5 ಜುಲೈ 2024

ಆಪಾ,

ಬಾಣಂತಿ ಮೈ ಅಂತೀಯ, ಮುನ್ನಿಗೆ ಮೂರು ತುಂಬಿತು. ಯಾವ ಊರಿನ ಬಾಣಂತಿ ನೀನು?

ಹೌದು, ನೋಯುತ್ತವೆ. ಹಾಸಿಗೆ ತಾಗಿದರೂ ನೋಯುತ್ತವೆ, ಬೆಕ್ಕು ಬಂದು ಕಾಲಿಗೆ ಉಜ್ಜಿದರೂ ನೋಯುತ್ತವೆ. ಬರೀ ಕೊಬ್ಬಾಗಿದ್ದರೆ ಹೀಗೆ ನೋಯುತ್ತಿರಲಿಲ್ಲ. ನೀನು "ಸುಮ್ನ ಕೇಳಿದೆ" ಅಂತ ಬರೆದ ಸಾಲಿನಲ್ಲೇ ನನಗೆ ಉತ್ತರ ಸಿಕ್ಕಿತು.

ರೊಟ್ಟಿ ಇಳಿಸಬೇಡ. ನಾನು ಡಾಕ್ಟರಿಗೆ ಅದನ್ನೇ ಕೇಳಿದೆ. ಉಪವಾಸ ಮಾಡಿದರೆ ಮುಖ ಇಳಿಯುತ್ತದೆ, ತೋಳು ಇಳಿಯುತ್ತದೆ, ಎದೆ ಇಳಿಯುತ್ತದೆ, ಕಾಲು ಇದ್ದಲ್ಲೇ ಇರುತ್ತವೆ. ಮೈ ಭಾರ ಹೆಚ್ಚಾಗದಂತೆ ನೋಡಿಕೊಳ್ಳಬೇಕು, ಆದರೆ ಹೊಟ್ಟೆಗೆ ತಿನ್ನಬೇಕು, ಬಲ ಬೇಕು ಅಂದರು. ಜನ ಮುಖ ನೋಡಿ ನಿನ್ನನ್ನು ಹೊಗಳುತ್ತಿದ್ದಾರೆ. ನೀನು ಹಸಿದಿದ್ದೀಯ ಅಂತ ಯಾರಿಗೂ ಗೊತ್ತಿಲ್ಲ.

ಅವರು ಇನ್ನೊಂದು ಮಾತು ಹೇಳಿದರು. ಸೊಂಟದ ಮಟ್ಟದ ನೀರಿನಲ್ಲಿ ನಡೆದಾಡಿದರೆ ಕಾಲಿಗೆ ಹಗುರಾಗುತ್ತದೆ, ನೀರು ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತದೆ ಅಂತ. ಅದನ್ನು ಕೇಳಿದಾಗ ನನಗೆ ಹೊಳೆಗೆ ಕಟ್ಟಿದ ಧುಪದಾಳದ ಬಂಡು ಕಣ್ಣಿಗೆ ಬಂತು. ಅಮ್ಮಿ ಓಣಿಯವರ ಕೌದಿಗಳನ್ನೆಲ್ಲ ತಲೆಯ ಮೇಲೆ ಹೊತ್ತು ಬಂಡಿನ ಕೆಳಗೆ ಒಗೆಯಲು ಹೋಗುತ್ತಿದ್ದಳಲ್ಲ? ಯಾರೂ ಕೇಳದಿದ್ದರೂ "ಕೊಡ್ರಿ, ನಾ ಒಗದು ತರತೇನಿ" ಅನ್ನುತ್ತಿದ್ದಳು. ಹೊಳೆಯೊಳಗೆ ಸೊಂಟದವರೆಗೆ ಇಳಿದು ನಿಂತುಬಿಡುತ್ತಿದ್ದಳು. ಕೌದಿ ಒಗೆದಾದ ಮೇಲೂ ನಿಂತಿರುತ್ತಿದ್ದಳು. ನೀನು ದಂಡೆಯಿಂದ "ಅಮ್ಮಿ, ಹಸಿವು" ಅಂತ ಕೂಗುತ್ತಿದ್ದೆ. ಅವಳು, "ಇನ್ನೊಂದ್ ತಾಸು ತಡೀರಿ, ಇಲ್ಲಿ ನನಗ ಕಾಲಽ ಇಲ್ಲದಂಗ ಆಗೈತಿ" ಅನ್ನುತ್ತಿದ್ದಳು. ನಾವು ಅವಳಿಗೆ ಬಟ್ಟೆ ಒಗೆಯುವ ಹುಚ್ಚು ಅಂದುಕೊಂಡಿದ್ದೆವು.

ಇದು ಹೋಗುವ ರೋಗ ಅಲ್ಲ. ಆದರೆ ಹೆಚ್ಚಾಗದಂತೆ ಹಿಡಿಯಬಹುದು. ನೀರು, ನಡಿಗೆ, ಕೈಯಿಂದ ಹಗುರಾಗಿ ಮೇಲಕ್ಕೆ ನೀವುವುದು, ಚರ್ಮ ಒಡೆಯದಂತೆ ಎಣ್ಣೆ, ಮತ್ತೆ ಕಾಲಿಗೆ ಬಿಗಿಯಾದ ಕಾಲುಚೀಲ. ಕಾಲುಚೀಲ ಅವರವರ ಅಳತೆಗೆ ಮಾಡಿಸಬೇಕು, ಅಂಗಡಿಯಲ್ಲಿ ತಂದದ್ದು ನಮ್ಮ ಆಕಾರಕ್ಕೆ ಕೂರುವುದಿಲ್ಲ. ಅಳತೆಗೆ ಮಾಡುವುದು ಅಂದರೆ ಏನು? ಹೊಲಿಗೆ. ಅದಕ್ಕೆ ನಾನಿದ್ದೇನಲ್ಲ? ದಪ್ಪನೆಯ ಎಳೆಯುವ ಬಟ್ಟೆ ತಂದು ನನಗೆ ಒಂದು ಜೊತೆ ಹೊಲಿದುಕೊಂಡಿದ್ದೇನೆ. ಸಂಜೆಗೆ ಭಾರ ಕಡಿಮೆ ಅನಿಸುತ್ತದೆ. ಡಾಕ್ಟರು ಬೆಳಗಾವಿಗೆ ಹೋಗು ಅಂತ ಇನ್ನೂ ಏನೇನೋ ಹೇಳಿದರು, ಅದೆಲ್ಲ ಆಮೇಲೆ ನೋಡೋಣ.

ನಿನ್ನ ಅಳತೆ ಕಳಿಸು. ಮುಂಜಾನೆ ಎದ್ದ ಕೂಡಲೇ ತೆಗೆ, ಆಗ ಬಾವು ಕಡಿಮೆ ಇರುತ್ತದೆ. ಹಿಮ್ಮಡದ ಮೇಲೆ ಒಂದು, ಮೀನಖಂಡಕ್ಕೆ ಒಂದು, ತೊಡೆಗೆ ಒಂದು. ಟೇಪು ಎಳೆದು ಹಿಡಿಯಬೇಡ.

ಗುಲ್ನಾಜ


ಹುಕ್ಕೇರಿ
21 ಜುಲೈ 2024

ಗುಲ್ಲು,

ಅಮ್ಮಿದು ಓದಿ ಅವತ್ತು ಅಡಗಿ ಕೆಟ್ಟಿತು. ಬ್ಯಾಳಿ ತಳ ಹಿಡೀತು. ಅತ್ತಿ "ಎಲ್ಲೈತಿ ಧ್ಯಾನ?" ಅಂದ್ರು. ಹೊಳ್ಯಾಗ ಐತ್ರಿ ಅನ್ನಲೇನು?

ಬಚ್ಚಲ ಬಾಗಲ ಹಾಕ್ಕೊಂಡು ಅಳದೇನಿ. ಹಿಮ್ಮಡದ ಮ್ಯಾಲ ಹತ್ತು ಇಂಚು. ಮೀನಖಂಡ ಹದಿನೈದು. ತೊಡಿ ಇಪ್ಪತ್ಮೂರು. ಮತ್ತ ಮತ್ತ ಕೇಳಬ್ಯಾಡ, ಒಮ್ಮೆ ಅಳಿಯೂದ ಸಾಕಾಗೇತಿ. ಯಾರಿಗೂ ತೋರಸಬ್ಯಾಡ. ಉಸ್ಮಾನಚಾಚಾಗಂತೂ ಮೊದಲ ಬ್ಯಾಡ.

ನಿನಗೊಂದು ಕೆಲಸ ಹೇಳಿ ಇಡತೇನಿ. ನಾ ಸತ್ರ ಮೈಯತ್ತಿಗೆ ನೀರು ಹಾಕಾಕ ನೀನ ಬಾ. ಗುಸುಲಿಗೆ ಓಣ್ಯಾನ ಹೆಂಗಸರು ಬಂದು ನನ್ನ ಕಾಲು ನೋಡೂದು ಬ್ಯಾಡ. ಆಮ್ಯಾಲ ತಿಂಗಳಗಟ್ಟಲೆ ಅದ ಮಾತು ಆಗತೈತಿ. ನಗಬ್ಯಾಡ, ಖರೇನ ಹೇಳಾಕತ್ತೇನಿ. ಸರಿ, ನಗು.

ಮಹೆಕ


ಮೂಡಲಗಿ
4 ಆಗಸ್ಟ್ 2024

ಆಪಾ,

ಇದರ ಜೊತೆಗೆ ಎರಡು ಕಾಲುಚೀಲ ಇವೆ. ಬಟ್ಟೆಯ ಬಣ್ಣ ಚೆನ್ನಾಗಿಲ್ಲ, ಶಾಲೆಯ ಗೋಡೆಯ ಬಣ್ಣ ಅದು. ಒಳಗೆ ಯಾರು ನೋಡುತ್ತಾರೆ, ನಡೆಯುತ್ತದೆ.

ಒಂದು ಮಾತು ಹೇಳಲಾ? ನಿನ್ನ ಅಳತೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮೀನಖಂಡ ಹದಿನೇಳು. ನನಗಿಂತ ಐದು ವರ್ಷ ದೊಡ್ಡವಳು, ಒಂದು ಮಗು ಹೆತ್ತವಳು, ನಿನ್ನ ಕಾಲು ನನ್ನವಕ್ಕಿಂತ ಸಣ್ಣ! ನಿನ್ನ ರೋಗ ಇನ್ನೂ ಹಗುರಿದೆ, ಅದೇ ಸಮಾಧಾನ.

ಉಸ್ಮಾನಚಾಚಾ ಒಂದು ಪದ್ಧತಿ ಇಟ್ಟುಕೊಂಡಿದ್ದಾನೆ. ಗಿರಾಕಿ ಎದುರಿಗೆ ನಿಂತು ಟೇಪು ಹಿಡಿಸಿಕೊಂಡರೆ ಅದು ಕೈ ಅಳತೆ, ಇದ್ದಷ್ಟೇ ಹೊಲಿಯುತ್ತಾನೆ. ಫೋನಿನಲ್ಲಿ ಹೇಳಿದರೆ, ಮಗನ ಕೈಯಲ್ಲಿ ಬರೆದು ಕಳಿಸಿದರೆ ಅದು ಬಾಯಿ ಅಳತೆ. ಬಾಯಿ ಅಳತೆಗೆ ಎರಡು ಇಂಚು ಹೆಚ್ಚಿನ ಬಟ್ಟೆ ಒಳಗೆ ಮಡಚಿ ಬಿಡುತ್ತಾನೆ. "ಹೆಣಮಕ್ಕಳು ಬಾಯಾಗ ಎರಡು ಇಂಚು ಸಣ್ಣ ಆಗತಾರವಾ, ಒಯ್ದ ಮ್ಯಾಲ ಬಿಚ್ಚಿಕೊಳ್ಳಲಿ" ಅನ್ನುತ್ತಾನೆ. ನಿನ್ನದಕ್ಕೆ ನಾನು ಆ ಎರಡು ಇಂಚು ಬಿಡಲಿಲ್ಲ. ಬಿಟ್ಟರೆ ಬಿಗಿ ಬರುವುದಿಲ್ಲ. ಮತ್ತೆ ನೀನು ಗಿರಾಕಿಯಲ್ಲ, ನನ್ನ ಆಪಾ.

ಮುಂಜಾನೆ ಹಾಕು, ರಾತ್ರಿ ತೆಗೆ. ಪಾದದಿಂದ ಮೇಲಕ್ಕೆ ಸಾವಕಾಶ ಎಳೆದುಕೋ. ಮಡಿಕೆ ಬೀಳಬಾರದು. ಕಚ್ಚಿದರೆ ತೆಗೆದಿಟ್ಟು ನನಗೆ ಬರೆ.

ಗುಲ್ನಾಜ


ಹುಕ್ಕೇರಿ
19 ಆಗಸ್ಟ್ 2024

ಗುಲ್ಲು,

ಚಲೋ ಕುಂತಾವ. ಅಚ್ಚಿನಾಗ ಹಾಕಿ ತಗದಂಗ ಕುಂತಾವ. ನಿನ್ನ ಕೈಗೆ ಬಂಗಾರದ ಬಳಿ ಹಾಕಬೇಕು.

ಏರಿಸಾಕ ಸ್ವಲ್ಪ ಹೊತ್ತು ಹಿಡೀತೈತಿ. ಮುನ್ನಿ ಏಳೂದರಾಗ ಎದ್ದು ಬಚ್ಚಲಕ್ಕ ಹೋಗತೇನಿ. ಮೊಣಕಾಲ ಹಿಂದ ಸ್ವಲ್ಪ ಕಚ್ಚತಾವ, ಹೊಸ ಚಪ್ಪಲಿ ಕಚ್ಚಾಂಗಿಲ್ಲೇನು, ಹಂಗ. ರಾತ್ರಿನೂ ತಗ್ಯಾಂಗಿಲ್ಲ ನಾ. ಹಂಗ ಇಟ್ರ ಲಗೂನ ಸಣ್ಣ ಆಗತಾವಂತ ನನಗ ಅನಸತೈತಿ. ದೀಪಾವಳಿ ಹೊತ್ತಿಗೆ ನೋಡು, ನಿನ್ನಂಗ ನಾನೂ ಬಸ್ಸು ಹಿಡಿಯಾಕ ಓಡತೇನಿ.

ಮೊನ್ನೆ ಬಜಾರದಾಗ ಸೀರಿ ಅಂಗಡಿಯಾಕಿ "ನಿನ್ನ ತಂಗಿ ಬ್ಲೌಸಿಗೆ ಒಂದು ಹೊಲಿಗಿ ಸೊಟ್ಟ ಹೋಗಾಂಗಿಲ್ಲ ನೋಡು" ಅಂದ್ಲು. ನಿಮ್ಮ ದುಲ್ಹಾಭಾಯಿ ಮುಂದ ಎರಡು ಸಲ ಹೇಳಿದೆ. "ಹಂಗಾದ್ರ ನಮ್ಮ ಗಾದಿಗೆ ಹಾಕೂ ಗಲೀಫನೂ ಆಕಿ ಕಡೆನ ಹೊಲಸೂಣು" ಅಂದ್ರು. ನಕ್ಕೆ ನಾ. ಬಾಳ ದಿನದ ಮ್ಯಾಲ ಅವರ ಮುಂದ ನಕ್ಕೆ.

ಮಹೆಕ


ಮೂಡಲಗಿ
30 ಆಗಸ್ಟ್ 2024

ಆಪಾ,

ರಾತ್ರಿ ತೆಗೆಯಬೇಕು ಅಂತ ಬರೆದಿದ್ದೆ. ಓದಲಿಲ್ಲವೇ? ಅವು ಕಾಲನ್ನು ಸಣ್ಣ ಮಾಡುವುದಿಲ್ಲ, ಹೆಚ್ಚಾಗದಂತೆ ಹಿಡಿಯುತ್ತವೆ ಅಷ್ಟೇ. ದೀಪಾವಳಿಗೂ ನಿನ್ನ ಕಾಲು ಹೀಗೇ ಇರುತ್ತವೆ, ನನ್ನವೂ. ಸುಳ್ಳು ಆಸೆ ಹುಟ್ಟಿಸಿ ಬರೆಯಲು ನನಗೆ ಬರುವುದಿಲ್ಲ.

ಇನ್ನೊಂದು. ದುಲ್ಹಾಭಾಯಿಗೆ ಹೇಳು. ಅವರೆದುರು ನಕ್ಕೆ ಅಂತ ಬರೆದಿದ್ದೀಯ, ಅವರೆದುರೇ ಕಾಲು ತೋರಿಸು. ಒಬ್ಬಳೇ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಎಷ್ಟು ವರ್ಷ ಇರುತ್ತೀ? ನಿನಗಾಗದಿದ್ದರೆ ನಾನು ಹೇಳುತ್ತೇನೆ. ಈದ್ ಮಿಲಾದಿಗೆ ಬರುತ್ತೇನಲ್ಲ, ಅವತ್ತು ಎಲ್ಲರೆದುರು ಹೇಳುತ್ತೇನೆ. ನನಗೆ ಬಾಯಿ ಕಟ್ಟಿಕೊಂಡು ಇರಲು ಆಗುವುದಿಲ್ಲ, ಗೊತ್ತಿದೆಯಲ್ಲ.

ಗುಲ್ನಾಜ


ಹುಕ್ಕೇರಿ
5 ಸಪ್ಟೆಂಬರ್ 2024

ಗುಲ್ಲು,

ಎಲ್ಲಾರ ಮುಂದ ಹೇಳತೇನಿ ಅಂದೀಯಲ್ಲ, ನನ್ನ ಮರ್ಯಾದಿ ತಗ್ಯಾಕ ನೀ ಬರೂದ ಬ್ಯಾಡ. ಮಿಲಾದಿಗೂ ಬರಬ್ಯಾಡ. ಅಮ್ಮಿ ಆಣಿ ಐತಿ, ನಾ ಕರಿಯೂ ತನಕ ಬರಬ್ಯಾಡ.

ಎರಡು ದಿನದಿಂದ ಜ್ವರ. ಮಳಿಗಾಲ, ಓಣಿಗೆಲ್ಲಾ ಐತಿ. ಮೆಡಿಕಲ್ಲಿನ ಗುಳಿಗಿ ತಗೊಂಡೇನಿ, ಆಸ್ಪತ್ರಿ ಬ್ಯಾಡ ಅಂದೇನಿ. ಕಾಲು ಚಲೋ ಅದಾವ.

ಮುನ್ನಿಗೆ ಫ್ರಾಕ್ ಹೊಲದು ಕಳಸು.

ಮಹೆಕ


ಮೂಡಲಗಿ
10 ಸಪ್ಟೆಂಬರ್ 2024

ಆಪಾ,

ನಿನ್ನೆ ಫೋನು ಮಾಡಿದೆ. ರಹಿಮಾಬಿ ಖಾಲಾ ಎತ್ತಿದರು, "ಸ್ವಲ್ಪ ಜ್ವರ ಐತವಾ, ಮಾತಾಡು" ಅಂತ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಕೊಟ್ಟರು. "ಅದನ್ನ ತಗದಿಟ್ಟೀ?" ಅಂದೆ. ನೀನು "ಯಾವುದನ್ನ?" ಅಂತ ನಕ್ಕೆ. ಹಿಂದೆ ಮಂದಿಯ ಮಾತು ಕೇಳುತ್ತಿತ್ತು. "ಹಾಂ ಹಾಂ, ಚಲೋ ಅದೀನಿ" ಅಂದೆ. ನಿನ್ನ ದನಿ ಚಲೋ ಇರಲಿಲ್ಲ.

ಅದಕ್ಕೆ ಈಗಲೇ ಬರೆಯುತ್ತಿದ್ದೇನೆ. ನಾನು ನಿನಗೆ ಹೇಳದೆ ಬಿಟ್ಟ ಒಂದು ಮಾತಿದೆ. ಮನೆಯಲ್ಲಿ ಹೊಲಿದದ್ದನ್ನು ಹಾಕಬೇಡ ಅಂತ ಡಾಕ್ಟರು ಹೇಳಿದ್ದರು. ಬೆಳಗಾವಿಯಲ್ಲಿ ಅದನ್ನೇ ಕಲಿತವರು ಅಳತೆ ತೆಗೆಯುತ್ತಾರೆ, ಅಳತೆ ತಪ್ಪಿದರೆ ಚರ್ಮ ಕತ್ತರಿಸುತ್ತದೆ, ಗಾಯಕ್ಕೆ ನಂಜು ಏರಿದರೆ ಕಾಲಿಗೆ ಕೆಟ್ಟದ್ದು ಅಂದಿದ್ದರು. ಅವರಿಗೆ ಹೊಲಿಗೆ ಏನು ಗೊತ್ತು ಅಂದುಕೊಂಡೆ. ನಾನು ಹೊಲಿದದ್ದು ನಿನಗೆ ಬೇಕಾಗಲಿ ಅನ್ನುವ ಆಸೆ ಇತ್ತು. ಅದಕ್ಕೆ ಆ ಮಾತು ಬರೆಯಲಿಲ್ಲ.

ಕಾಲುಚೀಲ ಈಗಲೇ ತೆಗೆ. ಬರದಿದ್ದರೆ ಕತ್ತರಿಯಿಂದ ಸೀಳು, ನನಗೆ ಬೇಜಾರಿಲ್ಲ. ಮೊಣಕಾಲ ಹಿಂದೆ ಕೆಂಪಾಗಿದ್ದರೆ, ಬಿಸಿಯಾಗಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗು. ಎಲ್ಲರೆದುರು ಹೇಳುತ್ತೇನೆ ಅಂದದ್ದನ್ನು ಮರೆತುಬಿಡು, ನಾನು ಯಾರಿಗೂ ಹೇಳುವುದಿಲ್ಲ.

ಅಳತೆ ನಿಜವಾದದ್ದೇ ಕೊಟ್ಟಿದ್ದೆ ಅಲ್ಲವಾ? ಕೊಡದಿದ್ದರೂ ನನಗೆ ಸಿಟ್ಟಿಲ್ಲ.

ಅಮ್ಮಿ ಆಣೆ ಇದ್ದರೂ ಶುಕ್ರವಾರ ಬರುತ್ತೇನೆ. ಮುನ್ನಿಯ ಫ್ರಾಕ್ ಇದರ ಜೊತೆಗಿದೆ.

ಗುಲ್ಲು


ಹುಕ್ಕೇರಿ
27 ಅಕ್ಟೋಬರ್ 2024

ತಂಗಿ ಗುಲ್ನಾಜಗೆ ಸೈಫಅಲಿಯ ಸಲಾಂ.

ನನಗೆ ಪತ್ರ ಬರೆಯುವ ರೂಢಿ ಇಲ್ಲ. ಮಹೆಕಳ ನಲವತ್ತರ ದಿನ ನಿನ್ನೊಡನೆ ಮಾತಾಡಬೇಕು ಅಂತ ಇದ್ದೆ, ನೀನು ಅಡುಗೆಯ ಮನೆಯಿಂದ ಹೊರಗೆ ಬರಲಿಲ್ಲ.

ಸಪ್ಟೆಂಬರ್ 11, ಬುಧವಾರ ಸಂಜೆ ಅವಳು ಒಲೆಯ ಮುಂದೆ ಬಿದ್ದಳು. ಆಸ್ಪತ್ರೆಯಲ್ಲಿ ನರ್ಸು ಅವಳ ಕಾಲಿನ ಬಟ್ಟೆಯನ್ನು ಕತ್ತರಿಯಿಂದ ಸೀಳಿದರು. ನಾನು ಅಲ್ಲೇ ನಿಂತಿದ್ದೆ. ನನ್ನ ಹೆಂಡತಿಯ ಕಾಲನ್ನು ನಾನು ಬೆಳಕಿನಲ್ಲಿ ಮೊದಲ ಸಲ ನೋಡಿದ್ದು ಅವತ್ತು. ಮೊಣಕಾಲ ಹಿಂದೆ ಗಾಯ ಇತ್ತು, ತೊಡೆಯವರೆಗೆ ಕೆಂಪು ಏರಿತ್ತು. "ರಕ್ತಕ್ಕೆ ನಂಜು ಏರಿದೆ, ವಾರದ ಮೊದಲು ತರಬೇಕಿತ್ತು" ಅಂದರು. ಗುರುವಾರ ಮುಂಜಾನೆ ಹೋದಳು.

ಆ ಹೊಲಿಗೆ ನಿನ್ನದು. ನನಗೆ ಗೊತ್ತು, ನಿನ್ನ ಹೊಲಿಗೆಯ ಬಗ್ಗೆ ಅವಳು ಅಷ್ಟು ಹೇಳುತ್ತಿದ್ದಳು. ನಿನ್ನ ಮೇಲೆ ಆರೋಪ ಹೊರಿಸಲು ಬರೆಯುತ್ತಿಲ್ಲ. ತಿಳಿಯಬೇಕು ಅಂತ ಬರೆಯುತ್ತಿದ್ದೇನೆ. ಅವಳಿಗೆ ಏನಾಗಿತ್ತು? ನಿನಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ?

ನಾಲ್ಕು ವರ್ಷ ಅವಳು ದೀಪ ಆರಿಸಿಯೇ ಹಾಸಿಗೆಗೆ ಬಂದಳು. ಬೇಸಿಗೆಯಲ್ಲೂ ಹೊದ್ದು ಆ ಕಡೆ ತಿರುಗುತ್ತಿದ್ದಳು. ನನ್ನ ಮೇಲೆ ಮನಸ್ಸಿಲ್ಲ, ಮನೆಯವರ ಒತ್ತಾಯಕ್ಕೆ ನಿಕಾಹ್ ಆಗಿದ್ದಾಳೆ ಅಂದುಕೊಂಡೆ. ಕೇಳಿದರೆ ಹೌದು ಅನ್ನುತ್ತಾಳೆ ಅಂತ ಹೆದರಿ ಕೇಳಲಿಲ್ಲ. ಬೇಸಿಗೆಗೆ ಅಂತ ಬರೀ ಅರ್ಧ ಕಿಲೋ ಅರಳೆ ತುಂಬಿ ಅವಳಿಗೊಂದು ತೆಳು ರಜಾಯಿ ಮಾಡಿಕೊಟ್ಟಿದ್ದೆ. ಅಷ್ಟೇ ನನ್ನಿಂದಾದದ್ದು. ಕಾಲು ನೋಡಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ.

ಸಿದ್ರಾಯ ಕಾಕಾ ಗುರುವಾರ ಸಂಜೆ ಒಂದು ಗಂಟು ತಂದುಕೊಟ್ಟರು. ನಾವು ಮಣ್ಣು ಮಾಡಿ ಆಗಷ್ಟೇ ಬಂದಿದ್ದೆವು. ಫ್ರಾಕನ್ನು ಮುನ್ನಿಗೆ ಹಾಕಿದ್ದೇವೆ. ಅದರಲ್ಲಿದ್ದ ಪತ್ರವನ್ನು ನಾನು ಒಡೆದಿಲ್ಲ. ಅವಳಿಗೆ ಬರೆದದ್ದು. ಇದರ ಜೊತೆಗೆ ಹಿಂದಕ್ಕೆ ಕಳಿಸಿದ್ದೇನೆ.

ಸೈಫಅಲಿ


ಮೂಡಲಗಿ
5 ನವೆಂಬರ್ 2024

ದುಲ್ಹಾಭಾಯಿ,

ಮೊದಲು ನೀವು ಅವಳನ್ನು ಕೇಳದೆ ಬಿಟ್ಟದ್ದಕ್ಕೆ ಉತ್ತರ. ಇಲ್ಲ. ಮನಸ್ಸಿಲ್ಲದೆ ಅವಳು ದೀಪ ಆರಿಸಲಿಲ್ಲ. ಮನಸ್ಸಿತ್ತು, ನೀವು ಕಾಲು ನೋಡಿದರೆ ನಿಮ್ಮ ಮನಸ್ಸು ಹೋಗುತ್ತದೆ ಅಂತ ಆರಿಸಿದಳು. ಒಂದು ದಿನ ನಿಮ್ಮೆದುರು ನಕ್ಕದ್ದನ್ನೂ ನನಗೆ ಬರೆದು ತಿಳಿಸಿದ್ದಾಳೆ. ಆ ಪತ್ರ ನನ್ನಲ್ಲಿದೆ, ಬಂದಾಗ ಕೊಡುತ್ತೇನೆ.

ನೋಡಿದ್ದರೆ ಏನೂ ಆಗುತ್ತಿರಲಿಲ್ಲ ಅಂತ ಬರೆದಿದ್ದೀರಿ. ಇರಬಹುದು. ಸಿಟ್ಟಾಗಬೇಡಿ, ಈಗ ಹಾಗೆ ಬರೆಯುವುದು ಸುಲಭ. ನೀವು ಒಂದು ಸಲ "ಯಾಕ ಹೊದ್ದಿ?" ಅಂತ ಕೇಳಬೇಕಿತ್ತು. ಅವಳು ಒಂದು ಸಲ ಹೇಳಬೇಕಿತ್ತು. ನಿಮ್ಮಿಬ್ಬರ ನಡುವೆ ಬರೀ ಅರ್ಧ ಕಿಲೋ ಅರಳೆ ಇತ್ತು.

ನನ್ನದು ಇನ್ನೂ ದೊಡ್ಡದು. ನೀವು ಒಡೆಯದ ಪತ್ರವನ್ನು ಒಡೆದು ಇದರ ಜೊತೆಗೆ ಇಟ್ಟಿದ್ದೇನೆ, ನೀವೂ ಓದಿ. ಡಾಕ್ಟರ ಒಂದು ಮಾತನ್ನು ನಾನು ಮುಚ್ಚಿಟ್ಟೆ. ಆಮೇಲೆ ಎಲ್ಲರೆದುರು ಹೇಳುತ್ತೇನೆ ಅಂತ ಅವಳನ್ನು ಹೆದರಿಸಿದೆ. ಗಾಯ ತೋರಿಸಬೇಕಾದರೆ ಕಾಲು ತೋರಿಸಬೇಕು, ಅದಕ್ಕೆ ಗಾಯವನ್ನೂ ಬಚ್ಚಿಟ್ಟಳು. ಅವಳಿಗಿದ್ದದ್ದು ಲಿಪೆಡೀಮಾ ಅನ್ನುವ ಕಾಲಿನ ರೋಗ, ಅದರಿಂದ ಯಾರೂ ಸಾಯುವುದಿಲ್ಲ, ದುಲ್ಹಾಭಾಯಿ. ಅದು ನನಗೂ ಇದೆ. ನನ್ನ ಬಿಗಿ ಹೊಲಿಗೆ, ಅವಳ ನಾಚಿಕೆ, ಅರ್ಧ ಹೊಟ್ಟೆಯ ಊಟ, ಇವು ಮೂರೂ ಸೇರಿ ಅವಳನ್ನು ಒಯ್ದವು. ನನ್ನ ತಪ್ಪಲ್ಲ ಅಂತ ಉಸ್ಮಾನಚಾಚಾ ಹೇಳುತ್ತಾನೆ. ಅವನು ನನ್ನನ್ನು ಸಮಾಧಾನ ಮಾಡಲು ಹೇಳುತ್ತಾನೆ.

ಗುಸುಲಿಗೆ ನೀನೇ ಬಾ ಅಂತ ಆಪಾ ಜುಲೈಯಲ್ಲಿ ಬರೆದಿದ್ದಳು. ಓದಿ ನಕ್ಕಿದ್ದೆ. ಅವತ್ತು ಓಣಿಯ ಹೆಂಗಸರನ್ನು ಹೊರಗೆ ನಿಲ್ಲಿಸಿ, "ನಾನು, ಖಾಲಾ ಇಬ್ಬರ ಸಾಕು" ಅಂದೆ. ಅವರಿಗೆ ಸಿಟ್ಟು ಬಂತು. ನಾನು ನೀರು ಹಾಕುತ್ತಿದ್ದೆ, ರಹಿಮಾಬಿ ಖಾಲಾ ತೊಳೆಯುತ್ತಿದ್ದರು. ಅವರು ಮೀನಖಂಡಕ್ಕೆ ಕೈ ಹಚ್ಚಿದಾಗ ನನ್ನ ಬಾಯಿಂದ, "ಸಾವಕಾಶ್ರೀ ಖಾಲಾ, ಆಕಿಗೆ ನೋಯ್ತೈತಿ" ಅಂತ ಬಂತು. ಖಾಲಾನ ಕೈ ನಿಂತಿತು. "ನಾ ದಿನಾ ಸಂಜಿಮುಂದ ನಡಿ ನಡಿ ಅಂತಿದ್ನೆವಾ" ಅಂದರು. ಆಮೇಲೆ ಇಬ್ಬರೂ ಸಾವಕಾಶವಾಗಿಯೇ ತೊಳೆದೆವು.

ನನ್ನ ಎರಡು ಕೈಯ ಬೆರಳು ಸೇರಿಸಿ ಹಿಡಿದರೆ ಎಷ್ಟು ಇಂಚು ಅಂತ ನನಗೆ ಗೊತ್ತು. ದರ್ಜಿ ಕೆಲಸದವರಿಗೆ ಟೇಪು ಬೇಕಾಗುವುದಿಲ್ಲ. ಅವಳ ಗಾಯವಿಲ್ಲದ ಕಾಲಿನ ಮೀನಖಂಡ ಹಿಡಿದು ನೋಡಿದೆ. ಅವಳು ಬರೆದದ್ದಕ್ಕೂ ಅಲ್ಲಿದ್ದದ್ದಕ್ಕೂ ನಾಲ್ಕು ಇಂಚಿನ ಅಂತರ. ಉಸ್ಮಾನಚಾಚಾ ಯಾವ ಗಿರಾಕಿಯನ್ನೂ ನಂಬದೆ ಎರಡು ಇಂಚು ಬಿಡುತ್ತಾನೆ. ನಾನು ನಂಬಿದೆ. ನನ್ನೆದುರಿಗೂ ನಾಚಿಕೊಂಡಳಲ್ಲ, ನನ್ನ ಕಾಲೂ ಹಾಗೇ ಇವೆ ಅಂತ ಮೊದಲೇ ಬರೆದಿದ್ದೆನಲ್ಲ, ಅದೊಂದು ನನಗೆ ಇನ್ನೂ ತಿಳಿಯುವುದಿಲ್ಲ.

ಕಫನಿಗೆ ಬಟ್ಟೆ ಹರಿಯುವಾಗ, "ನೀ ಹೊಲಿಗಿ ಮಾಡಾಕಿ, ಎಷ್ಟು ಬೇಕು ಹೇಳು" ಅಂದರು. ಉದ್ದ ಹೇಳಿದೆ. ಅದಕ್ಕೆ ಕಾಲಿನ ಅಳತೆ ಯಾರೂ ಕೇಳುವುದಿಲ್ಲ.

ಮುನ್ನಿಯ ಬಗ್ಗೆ ಒಂದು ಮಾತು. ಅವಳಿಗೆ ಹನ್ನೆರಡೋ ಹದಿಮೂರೋ ಆದಾಗ ಇದು ಬರಬಹುದು, ಬರದೆಯೂ ಇರಬಹುದು. ಬಂದರೆ ಅವಳ ರೊಟ್ಟಿ ಇಳಿಸಬೇಡಿ. ಈಗಿಂದಲೇ ಹೊಳೆಗೋ ಬಾವಿಗೋ ಕರೆದೊಯ್ದು ಈಜು ಕಲಿಸಿ. ಅವಳ ಅಮ್ಮಿಯ ಕಾಲು ಹೇಗಿದ್ದವು ಅಂತ ಕೇಳಿದರೆ ಇದ್ದ ಹಾಗೆ ಹೇಳಿ. ನೀವು ನೋಡಿದ್ದೀರಲ್ಲ.

ನನ್ನ ಕಾಲುಚೀಲಗಳನ್ನು ನಾನೇ ಕತ್ತರಿಸಿ ಹಾಕಿದೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಈ ಕಾಲನ್ನು ನೋಡುವವರಿದ್ದಾರೆ, ಗೋಕಾಕದ ಡಾಕ್ಟರು ಜೂನಿನಲ್ಲೇ ಚೀಟಿ ಬರೆದುಕೊಟ್ಟಿದ್ದರು. ಆಪಾನನ್ನೂ ಕರೆದುಕೊಂಡು ಹೋಗು ಅಂದಿದ್ದರು. ಅಲ್ಲಿ ಬೇರೆಯವರು ನನ್ನ ಅಳತೆ ತೆಗೆಯುತ್ತಾರೆ. ಟೇಪನ್ನು ಅಂಗಡಿಯಲ್ಲೇ ಇಟ್ಟು ಬಂದಿದ್ದೇನೆ. ಚಾಚಾ ರಜೆ ಕೊಟ್ಟಿದ್ದಾನೆ. ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ.

ಗುಲ್ನಾಜ